‘ಫಿಸಿಕಲ್’ ಅಂದರೆ ಯಾವ ಫಿಸಿಕಲ್?

ತುಮಕೂರಿನ ಟೌನ್‌ಹಾಲ್ ಸರ್ಕಲ್‌ಗೆ ಕೂಗಳತೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಬಾಗಿಲ ಮೇಲೆ ‘ಇಂಗ್ಲಿಷ್–ಕನ್ನಡ ಅನುವಾದ ಮಾಡಿಕೊಡಲಾಗುವುದು’ ಎಂಬ ಬೋರ್ಡು. ಹೋದ ತಿಂಗಳು ಗುಬ್ಬಿ ಕಡೆಯ ತಾತನೊಬ್ಬರು ಬಂದರು. ಜಮೀನಿನದು ಯಾವುದೋ ಅರ್ಜಿ ಆನ್‌ಲೈನಿನಲ್ಲಿ ಹಾಕಿಸಿದ್ದರು. ಏನಾಯಿತೆಂದು ವಿಚಾರಿಸಲು ಕಚೇರಿಗೆ ಹೋದರೆ ಅಲ್ಲಿದ್ದ ಹುಡುಗ, ‘ಆನ್‌ಲೈನ್ ಓಕೆ ಆಗಿದೆ ತಾತ, ಫಿಸಿಕಲ್ ಬಂದಿಲ್ಲ. ಫಿಸಿಕಲ್ ಕೊಡಿ’ ಅಂದನಂತೆ.

ತಾತ ಸ್ಟೂಲಿನ ಮೇಲೆ ಕೂತು, ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡರು. ‘ನನ್ ಮೊಮ್ಮಗ ಪೊಲೀಸ್ ಕೆಲ್ಸಕ್ಕೆ ಪಿಸಿಕಲ್ ಅಂತ ದಿನಾ ಐದು ಗಂಟೆಗೆ ಎದ್ದು ಓಡಾಕ್ ಹೋಯ್ತಾನೆ ಕಣಪ್ಪ. ನಂಗೋ ಮಂಡಿ ನೋವು. ಪಹಣಿ ತಿದ್ದುಸ್ಬೇಕಾದ್ರೂ ಓಡ್ಬೇಕಾ ಈಗ?’

ನಕ್ಕೆ. ಅರ್ಜಿಯ ಪ್ರಿಂಟ್ ತೆಗೆದು, ‘ಇದೇ ತಾತ ಫಿಸಿಕಲ್ ಅಂದ್ರೆ. ಸಹಿ ಮಾಡಿ ಕೊಟ್ಟರೆ ಆಯ್ತು’ ಅಂದೆ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇಷ್ಟಕ್ಕೆ ಕಾಗ್ದ ಅನ್ನಾಕೇನು ಬಂದಿತ್ತು ರೋಗ’ ಅಂತ ಹೇಳಿ ಎದ್ದು ಹೋದರು.

ತಾತನದು ದಡ್ಡತನವಲ್ಲ. ಅವರಿಗೆ ಗೊತ್ತಿದ್ದ ಫಿಸಿಕಲ್ಲೇ ಬೇರೆ, ಕಚೇರಿಯ ಹುಡುಗನ ಫಿಸಿಕಲ್ಲೇ ಬೇರೆ. ಆ ವಾರವಿಡೀ ನನ್ನ ಮೇಜಿಗೆ ಬಂದ ಕಾಗದಗಳಲ್ಲಿ ಈ ಪದ ಎಲ್ಲೆಲ್ಲಿ ಇದೆ ಎಂದು ಸುಮ್ಮನೆ ಗುರುತು ಹಾಕುತ್ತಾ ಹೋದೆ. ಶಾಲೆಯೊಂದರ ಚಾರ್ಟಿನಲ್ಲಿ ‘ಫಿಸಿಕಲ್ ಮ್ಯಾಪ್’. ಬ್ಯಾಂಕಿನ ನೋಟಿಸಿನಲ್ಲಿ ‘ಫಿಸಿಕಲ್ ಪೊಸೆಷನ್’. ಟ್ಯೂಷನ್ ಸೆಂಟರಿನ ಕರಪತ್ರದಲ್ಲಿ ‘ಆನ್‌ಲೈನ್ ಮತ್ತು ಫಿಸಿಕಲ್ ಕ್ಲಾಸ್’. ಮಕ್ಕಳ ಸುರಕ್ಷತೆಯ ಬಗ್ಗೆ ಒಂದು ಪೋಸ್ಟರಿನಲ್ಲಿ ‘ಫಿಸಿಕಲ್ ಅಬ್ಯೂಸ್’. ಎಂಟನೇ ಕ್ಲಾಸಿನ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ‘ಫಿಸಿಕಲ್ ಚೇಂಜ್’. ಐದಕ್ಕೂ ಒಂದೇ ಕನ್ನಡ ಪದ ಹಾಕಿದ್ದರೆ ಐದರಲ್ಲಿ ಮೂರು ಕಡೆ ಗಿರಾಕಿ ವಾಪಸ್ ತಂದುಕೊಡುತ್ತಿದ್ದರು.

ಬಹಳ ವರ್ಷ ಈ ಪದದ ಜೊತೆ ಗುದ್ದಾಡಿದ ಮೇಲೆ ನನಗೆ ಹೊಳೆದಿದ್ದು ಇಷ್ಟು. ಫಿಸಿಕಲ್‌ಗೆ ತನ್ನದೇ ಆದ ಗಟ್ಟಿ ಅರ್ಥ ಅನ್ನುವುದು ಕಡಿಮೆ. ಅದರ ಎದುರಿಗೆ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ ಅದರ ಅರ್ಥ. ಎದುರಿಗೆ ಮನಸ್ಸು ನಿಂತಿದ್ದರೆ ಫಿಸಿಕಲ್ ಅಂದರೆ ಮೈಗೆ ಸಂಬಂಧಿಸಿದ್ದು. ಎದುರಿಗೆ ಆನ್‌ಲೈನ್ ಇದ್ದರೆ ಕಾಗದದ್ದು, ಖುದ್ದಾಗಿ ಹೋಗಿ ಮಾಡುವಂಥದ್ದು. ಎದುರಿಗೆ ರಾಜಕೀಯ ಗಡಿ ಇದ್ದರೆ ಬೆಟ್ಟಗುಡ್ಡ, ನದಿ. ರಸಾಯನ ಇದ್ದರೆ ವಸ್ತು ಅದೇ ಉಳಿದು ಆಕಾರವಷ್ಟೇ ಬದಲಾಗುವುದು. ಲಿಖಿತ ಪರೀಕ್ಷೆ ಇದ್ದರೆ ಓಟ, ಎತ್ತರ, ಎದೆಯ ಅಳತೆ. ತಾತನ ಮೊಮ್ಮಗನ ಫಿಸಿಕಲ್ಲಿಗೆ ಎದುರಾಳಿ ‘ರಿಟನ್’, ತಾತನ ಫಿಸಿಕಲ್ಲಿಗೆ ಎದುರಾಳಿ ‘ಆನ್‌ಲೈನ್’. ಎದುರಾಳಿಯನ್ನು ಗುರುತಿಸಿದರೆ ಕನ್ನಡ ಪದ ತಾನಾಗಿ ಬರುತ್ತದೆ. ಗುರುತಿಸದೆ ನಿಘಂಟು ತೆರೆದು ಮೊದಲು ಸಿಕ್ಕ ‘ಭೌತಿಕ’ ಅಥವಾ ‘ದೈಹಿಕ’ ಎತ್ತಿ ಹಾಕಿದರೆ ‘ಶಾಲೆಗೆ ಭೌತಿಕವಾಗಿ ಹಾಜರಾಗಿ’ ಅನ್ನುವಂಥ ವಾಕ್ಯ ಹುಟ್ಟುತ್ತದೆ. ಇನ್ನೊಂದು ರೀತಿ ಹಾಜರಾಗುವುದು ಆತ್ಮ ಮಾತ್ರ ಎಂಬಂತೆ.

ಒಂದು ಪದ ಇಷ್ಟೊಂದು ವೇಷ ಹಾಕಲು ಕಾರಣ ಅದರ ಹುಟ್ಟಿನಲ್ಲಿದೆ. ಅದು ಹುಟ್ಟಿದ್ದು ದೇಹದಿಂದಲೂ ಅಲ್ಲ, ಜಡವಸ್ತುವಿನಿಂದಲೂ ಅಲ್ಲ. ಗಿಡದಿಂದ.

ಹಳೆಯ ಗ್ರೀಕಿನಲ್ಲಿ ‘ಫುಒ’ ಅಂತ ಒಂದು ಕ್ರಿಯಾಪದ. ಬೆಳೆ, ಚಿಗುರು, ಹುಟ್ಟಿ ಬಾ ಎಂಬ ಅರ್ಥ. ಅದರಿಂದ ‘ಫುಸಿಸ್’, ಅಂದರೆ ಒಂದು ವಸ್ತು ತಾನಾಗಿ ಬೆಳೆದು ಏನಾಗಿದೆಯೋ ಅದು, ಅದರ ಹುಟ್ಟುಗುಣ. ಗಿಡಕ್ಕೆ ‘ಫುಟಾನ್’ ಎಂಬ ಪದವೂ ಇದೇ ಬೇರಿನದು. ಹೋಮರನ ಹೆಸರಿನಲ್ಲಿರುವ ಎರಡೂ ಮಹಾಕಾವ್ಯಗಳನ್ನು ಜಾಲಾಡಿದರೂ ‘ಫುಸಿಸ್’ ಸಿಗುವುದು ಒಂದೇ ಒಂದು ಕಡೆ, ಒಡಿಸ್ಸಿಯ ಹತ್ತನೆಯ ಭಾಗದಲ್ಲಿ. ಮಾಟಗಾತಿಯ ಮದ್ದು ತಾಗದಿರಲಿ ಎಂದು ಹರ್ಮೀಸ್ ದೇವತೆ ನಾಯಕನಿಗೆ ಒಂದು ಮೂಲಿಕೆಯನ್ನು ನೆಲದಿಂದ ಕಿತ್ತು ಕೊಡುತ್ತಾನೆ, ಕೊಟ್ಟು ಅದರ ‘ಫುಸಿಸ್’ ತೋರಿಸುತ್ತಾನೆ. ಬೇರು ಕಪ್ಪು, ಹೂವು ಹಾಲಿನಂತೆ ಬಿಳಿ. ನಮ್ಮೂರಿನ ನಾಟಿ ವೈದ್ಯರು ಸೊಪ್ಪಿನ ಗುರುತು ಹೇಳುವುದು ಹೀಗೆಯೇ. ‘ಎಲೆ ಹಿಂದೆ ತರಿತರಿ ಇರುತ್ತೆ, ಕಿತ್ರೆ ಹಾಲು ಬರುತ್ತೆ, ನೋಡ್ಕೊ’ ಅಂತ. ಫಿಸಿಕಲ್ ಎಂಬ ಪದದ ಮುತ್ತಜ್ಜ ಬರವಣಿಗೆಯಲ್ಲಿ ಮೊದಲು ಕಾಣಿಸಿಕೊಂಡಿದ್ದು ಒಂದು ಗಿಡದ ಬೇರು ಮತ್ತು ಹೂವಿನ ಬಣ್ಣ ಹೇಳಲು.

ಇಲ್ಲಿಂದ ನಮ್ಮ ಮನೆಗೂ ಒಂದು ದಾರಿ ಇದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ, ಇಂಗ್ಲಿಷ್ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ಸಂಸ್ಕೃತದಲ್ಲಿ ‘ಭ’ ಇದ್ದ ಕಡೆ ಗ್ರೀಕಿನಲ್ಲಿ ‘ಫ’, ಲ್ಯಾಟಿನ್‌ನಲ್ಲಿ ಪದದ ಮೊದಲಲ್ಲಿ ‘ಫ಼’, ಇಂಗ್ಲಿಷಿನಲ್ಲಿ ‘ಬ’ ಬರುವುದು ಈ ಕುಟುಂಬದ ಚಾಳಿ. ನಮ್ಮ ‘ಭ್ರಾತೃ’, ಗ್ರೀಕಿನ ‘ಫ್ರಾತೇರ್’, ಲ್ಯಾಟಿನ್ನಿನ ‘ಫ್ರಾತೆರ್’, ಇಂಗ್ಲಿಷಿನ ‘ಬ್ರದರ್’ ಸಾಲಾಗಿ ನಿಲ್ಲಿಸಿ ನೋಡಿ, ಅಣ್ಣತಮ್ಮಂದಿರೆಂದು ಮುಖ ನೋಡಿದರೇ ಗೊತ್ತಾಗುತ್ತದೆ. ಅದೇ ಲೆಕ್ಕದಲ್ಲಿ ಗ್ರೀಕಿನ ‘ಫು’ಗೆ ಸಂಸ್ಕೃತದ ಜೋಡಿ ‘ಭೂ’. ಆಗು, ಇರು ಎಂಬ ಧಾತು. ಇಂಗ್ಲಿಷಿನ ‘ಬಿ’ ಅನ್ನುವ ಕ್ರಿಯಾಪದವೂ ಇದೇ. ಲ್ಯಾಟಿನ್ ಕಡೆಯಿಂದ ಬಂದ ‘ಫ್ಯೂಚರ್’ ಕೂಡ ಇದೇ ಬೇರು. ಅಂದರೆ ಫ್ಯೂಚರ್ ಮತ್ತು ಭವಿಷ್ಯ ದಾಯಾದಿಗಳು.

ಈಗ ‘ಭೌತಿಕ’ ಪದವನ್ನು ಬಿಚ್ಚಿ. ಭೂ ಧಾತುವಿನಿಂದ ಭೂತ, ಅಂದರೆ ಆದದ್ದು. ಭೂತದಿಂದ ಭೌತಿಕ. ಫಿಸಿಕಲ್‌ಗೆ ಭೌತಿಕ ಎಂದು ಅನುವಾದ ಮಾಡಿದವರು ಇದನ್ನು ತಿಳಿದೇ ಮಾಡಿದರೋ ಹೇಗೋ, ಸಾವಿರಾರು ವರ್ಷಗಳ ಹಿಂದೆ ಬೇರೆಯಾಗಿ ಹೋದ ಇಬ್ಬರು ಅಣ್ಣತಮ್ಮಂದಿರನ್ನು ಒಂದೇ ಸಾಲಿನಲ್ಲಿ ಎದುರುಬದುರು ಕೂರಿಸಿದ್ದಾರೆ. ‘ಆದದ್ದು’ ಎಂಬ ಅರ್ಥ ಹಿಡಿದರೆ ಭೂತ ಎಂಬ ಪದದ ಎಲ್ಲ ಅವತಾರಗಳೂ ಬಿಡಿಸಿಕೊಳ್ಳುತ್ತವೆ. ಆಗಿಹೋದ ಕಾಲ ಭೂತಕಾಲ. ಜಗತ್ತು ಯಾವುದರಿಂದ ಆಗಿದೆಯೋ ಅವು ಪಂಚಭೂತ. ಒಂದು ಕಾಲದಲ್ಲಿ ಇದ್ದು ಈಗ ಇಲ್ಲದವನು ಹುಣಸೆಮರದ ಭೂತ.

ಭೂತ, ಭೌತ ಅಂದಾಗ ನಮ್ಮ ಸೀಮೆಯವರಿಗೆ ಒಬ್ಬರು ನೆನಪಾಗಲೇಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿದ್ದು, ಪಾಠ ಹೇಳಿದ್ದು ಭೌತವಿಜ್ಞಾನ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಅದರ ಅಧ್ಯಕ್ಷರಾದರು. ಭೌತ ಕಲಿತವರು ಭೂತದ ಬೆನ್ನು ಹತ್ತಿದ್ದು ಅವರೊಬ್ಬರೇ ಅಲ್ಲ, ಆದರೆ ಇಷ್ಟು ಹಟದಿಂದ ಹತ್ತಿದವರು ಕಡಿಮೆ.

ತಾತ ‘ಪಿಸಿಕಲ್’ ಅಂದರಲ್ಲ, ಅದಕ್ಕೆ ನಗುವವರಿಗೆ ಒಂದು ಮಾತು. ಪ್ಲೇಟೊನ ಕಾಲದ ಗ್ರೀಕರ ಬಾಯಲ್ಲಿ ಈ ಪದದ ಮೊದಲ ಅಕ್ಷರ ತುಟಿಗೆ ಹಲ್ಲು ತಾಗಿಸಿ ಹೇಳುವ ‘ಫ಼’ ಆಗಿರಲಿಲ್ಲ. ‘ಫಲ’, ‘ಕಫ’ ಎಂದು ಶುದ್ಧವಾಗಿ ಉಚ್ಚರಿಸಿದಾಗ ಬರುವ, ಉಸಿರು ಬೆರೆತ ‘ಪ’ಕಾರ ಅದು. ಹಲ್ಲಿನ ‘ಫ಼’ ಆಮೇಲೆ ಬಂದಿದ್ದು. ಹಾಗಾಗಿ ಆ ಅಕ್ಷರದ ಮಟ್ಟಿಗೆ ಅರಿಸ್ಟಾಟಲ್‌ಗೆ ಕಾನ್ವೆಂಟ್ ಇಂಗ್ಲಿಷಿಗಿಂತ ಗುಬ್ಬಿಯ ತಾತನೇ ಹತ್ತಿರ.

ಗ್ರೀಕರ ಫುಸಿಸ್ ಬೆಳೆಯುತ್ತಾ ಬೆಳೆಯುತ್ತಾ ಇಡೀ ಪ್ರಕೃತಿ ಎಂಬ ಅರ್ಥಕ್ಕೆ ಬಂತು. ಪ್ರಕೃತಿಯ ಬಗ್ಗೆ ಅರಿಸ್ಟಾಟಲ್ ಹೇಳಿದ ಪಾಠಗಳಿಗೆ ‘ಫುಸಿಕ’ ಎಂದು ಹೆಸರು. ಆತ ಸತ್ತು ಸುಮಾರು ಮೂರು ಶತಮಾನಗಳ ನಂತರ ಅವನ ಬರಹಗಳನ್ನು ಜೋಡಿಸಿದವರು ಇನ್ನೊಂದಿಷ್ಟು ಪಾಠಗಳನ್ನು ಫುಸಿಕದ ನಂತರ ಇಟ್ಟರು. ‘ಫುಸಿಕದ ಆಮೇಲಿನವು’ ಅಂದರೆ ಗ್ರೀಕಿನಲ್ಲಿ ‘ಮೆಟಾ ಫುಸಿಕ’. ಇರವಿನ ಮೂಲ ಹುಡುಕುವ ತತ್ವಶಾಸ್ತ್ರಕ್ಕೆ ಮೆಟಾಫಿಸಿಕ್ಸ್ ಎಂದು ಇವತ್ತು ದೊಡ್ಡ ಗಾಂಭೀರ್ಯದಿಂದ ಹೇಳುವ ಪದದ ಮೂಲ, ಕಪಾಟಿನಲ್ಲಿ ಯಾವ ಕಟ್ಟಿನ ಪಕ್ಕ ಯಾವ ಕಟ್ಟು ಎಂಬ ಗುರುತು ಅನ್ನುವುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ನನ್ನ ಅಂಗಡಿಯಲ್ಲೂ ‘ಜೆರಾಕ್ಸ್ ಪಕ್ಕದ್ದು’ ಎಂಬ ಫೈಲು ಇದೆ.

ಪ್ರಕೃತಿಯ ಜ್ಞಾನದಿಂದ ಪದ ಜಾರಿದ್ದು ವೈದ್ಯಕ್ಕೆ. ಲ್ಯಾಟಿನ್, ಆಮೇಲೆ ಹಳೆಯ ಫ್ರೆಂಚ್ ದಾಟಿಕೊಂಡು ಇಂಗ್ಲಿಷಿಗೆ ಬರುವ ಹೊತ್ತಿಗೆ ‘ಫಿಸಿಕ್’ ಅಂದರೆ ಔಷಧ, ಮದ್ದು ಕೊಡುವ ವಿದ್ಯೆ. ಇದು ನಮಗೆ ವಿಚಿತ್ರ ಅನ್ನಿಸಬೇಕಾಗಿಲ್ಲ. ‘ಪ್ರಕೃತಿ’ ಎಂಬ ನಮ್ಮ ಪದವೂ ಇದೇ ಹಾದಿ ತುಳಿದಿದೆ. ಪ್ರಕೃತಿ ಅಂದರೆ ನಿಸರ್ಗ. ಆಯುರ್ವೇದದ ಪಂಡಿತರು ನಾಡಿ ಹಿಡಿದು ‘ನಿಮ್ಮದು ಪಿತ್ತ ಪ್ರಕೃತಿ’ ಅಂದರೆ ಮೈಯ ಹುಟ್ಟುಗುಣ. ಹಳೆಯ ಕಾಗದಗಳಲ್ಲಿ ‘ದೇಹಪ್ರಕೃತಿ ಸರಿಯಿಲ್ಲ’ ಎಂದು ಬರೆದರೆ ಹುಷಾರಿಲ್ಲ ಎಂದು ಅರ್ಥ. ನಿಸರ್ಗದಿಂದ ಮೈಗೆ, ಮೈಯಿಂದ ಆರೋಗ್ಯಕ್ಕೆ. ಫುಸಿಸ್ಸಿಗೆ ನಿಜವಾದ ಕನ್ನಡ ಜೋಡಿ ಭೌತಿಕಕ್ಕಿಂತ ಪ್ರಕೃತಿಯೇ ಅನ್ನುವುದು ನನ್ನ ಪಕ್ಷ. ಬೇರು ಭೌತಿಕದ್ದು, ನಡೆದ ದಾರಿ ಪ್ರಕೃತಿಯದ್ದು.

ಮದ್ದಿನ ಅರ್ಥದ ಪಳೆಯುಳಿಕೆಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ. ಡಾಕ್ಟರಿಗೆ ‘ಫಿಸಿಷಿಯನ್’ ಅನ್ನುವುದು ಅದರಿಂದಲೇ. ಲಂಡನ್ನಿನಲ್ಲಿ ಫಿಸಿಷಿಯನ್‌ಗಳ ಕಾಲೇಜು ಶುರುವಾಗಿದ್ದು 1518ರಲ್ಲಿ. ಅಲ್ಲೇ ಚೆಲ್ಸಿಯಲ್ಲಿ ಔಷಧಿ ವ್ಯಾಪಾರಿಗಳು 1673ರಲ್ಲಿ ಮಾಡಿದ ಮೂಲಿಕೆ ತೋಟದ ಹೆಸರು ಇವತ್ತಿಗೂ ‘ಫಿಸಿಕ್ ಗಾರ್ಡನ್’. ಆಗಿನ ‘ಫಿಸಿಕಲ್’ ಅಂದರೆ ಔಷಧಕ್ಕೆ ಸಂಬಂಧಿಸಿದ್ದು, ಆರೋಗ್ಯಕ್ಕೆ ಒಳ್ಳೆಯದು. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಬೆಳಗಿನ ಥಂಡಿಯಲ್ಲಿ ಎದೆ ತೆರೆದುಕೊಂಡು ಓಡಾಡುವ ಬ್ರೂಟಸ್‌ನನ್ನು ಹೆಂಡತಿ ಪೋರ್ಷಿಯ ‘ಇದು ಫಿಸಿಕಲ್ಲಾ?’ ಎಂಬ ಧಾಟಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಇದು ಮೈಗೆ ಒಳ್ಳೆಯದಾ ಎಂದು ಅವಳ ಪ್ರಶ್ನೆ. ಇವತ್ತಿನ ಅರ್ಥ ಹಿಡಿದು ಅನುವಾದ ಮಾಡಿದರೆ ಆ ಸಾಲು ಕೆಟ್ಟು ಕೆರ ಹಿಡಿಯುತ್ತದೆ.

ಇಲ್ಲೊಂದು ತಮಾಷೆ ಇದೆ. ಆ ಕಾಲದಲ್ಲಿ ಫಿಸಿಷಿಯನ್‌ಗೆ ಎದುರಾಳಿ ಸರ್ಜನ್. ಸರ್ಜನ್ ಎಂಬ ಪದ ಗ್ರೀಕಿನ ‘ಕೈ’ ಮತ್ತು ‘ಕೆಲಸ’ ಎಂಬೆರಡು ಪದ ಸೇರಿ ಆದದ್ದು. ಕೈಗೆಲಸದವನು ಅಂತ. ಫಿಸಿಷಿಯನ್ ಗ್ರಂಥ ಓದಿದವನು, ಮದ್ದು ಬರೆದುಕೊಡುವವನು. ಕುರ ಕೊಯ್ಯುವುದು, ಮೂಳೆ ಕೂರಿಸುವುದು ಸರ್ಜನ್ನನ ಪಾಲಿನದು. ಮುಟ್ಟಿ ಮಾಡುವುದಕ್ಕೆಲ್ಲ ಇವತ್ತು ಫಿಸಿಕಲ್ ಅನ್ನುತ್ತೇವೆ, ಒಂದಾನೊಂದು ಕಾಲದಲ್ಲಿ ಅದು ಆದಷ್ಟೂ ಕೈ ಹಚ್ಚದವನ ಪಾಲಿನ ಪದವಾಗಿತ್ತು. ಎದುರಾಳಿ ಬದಲಾದರೆ ಅರ್ಥ ಬದಲಾಗುತ್ತದೆ ಎಂದು ಮೊದಲೇ ಹೇಳಿದೆನಲ್ಲ.

16ನೇ ಶತಮಾನದ ಕೊನೆಯ ಹೊತ್ತಿಗೆ ‘ಜಡವಸ್ತುವಿಗೆ ಸಂಬಂಧಿಸಿದ್ದು’ ಎಂಬ ಅರ್ಥ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಮನಸ್ಸಿನದಲ್ಲ, ದೇಹದ್ದು’ ಎಂಬ ಅರ್ಥ ನೆಲೆಯೂರಿದ್ದು ಇನ್ನೂ ತಡವಾಗಿ, 18ನೇ ಶತಮಾನದ ಕೊನೆಗೆ. ಈಗ ನಮಗೆ ಮೊದಲು ನೆನಪಾಗುವ ಅರ್ಥವೇ ಮನೆಗೆ ಕಡೆಯಲ್ಲಿ ಬಂದ ಸೊಸೆ. ಈ ನಡುವೆ ಮದ್ದಿನ ಅರ್ಥ ಹಿಂದೆ ಸರಿದು, ಫಿಸಿಕ್ಸ್ ಎಂಬ ಹೆಸರು ವಸ್ತು, ಬಲ, ಬೆಳಕು, ಶಾಖಗಳ ವಿಜ್ಞಾನಕ್ಕೆ ಅಂಟಿಕೊಂಡಿತು. ಆದರೆ ಆ ವಿಜ್ಞಾನ ಮಾಡುವವರನ್ನು ಏನೆಂದು ಕರೆಯುವುದು? ಫಿಸಿಷಿಯನ್ ಪದ ಆಗಲೇ ಡಾಕ್ಟರ ಜೇಬು ಸೇರಿತ್ತು. ಹಾಗಾಗಿ ವಿಲಿಯಂ ಹ್ಯೂವೆಲ್ ಎಂಬ ಇಂಗ್ಲಿಷ್ ವಿದ್ವಾಂಸ 1840ರಲ್ಲಿ ‘ಫಿಸಿಸಿಸ್ಟ್’ ಎಂಬ ಹೊಸ ಪದ ಟಂಕಿಸಿದ. ಹೇಳಲು ನಾಲಿಗೆ ತೊಡರುತ್ತದೆ ಎಂದು ಆಗಲೇ ಗೊಣಗಾಟ ಇತ್ತು.

ಭೌತಿಕ ಅಂದರೆ ಮುಟ್ಟಬಹುದಾದದ್ದು ಎಂದು ಮಕ್ಕಳಿಗೆ ಹೇಳಿಕೊಡುವವರು ಒಮ್ಮೆ ಕೋಲಾರದ ಕಡೆ ತಿರುಗಿ ನೋಡಬೇಕು. ಕೆಜಿಎಫ್ ಗಣಿಗಳು ಚಿನ್ನಕ್ಕೆ ಹೆಸರಾಗಿದ್ದವು, 2001ರಲ್ಲಿ ಮುಚ್ಚಿದವು, ಇದು ಎಲ್ಲರಿಗೂ ಗೊತ್ತು. ಅದೇ ಗಣಿಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರಮ್‌ನವರ ಜೊತೆ ಸೇರಿ, ಉಪಕರಣ ಇಟ್ಟು ಕಾದರು. ಆಕಾಶದಿಂದ ಸುರಿಯುವ ಉಳಿದ ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮೇಲಿನ ಬಂಡೆ ತಡೆಯುತ್ತದೆ. ಬಂಡೆಯನ್ನೇ ಲೆಕ್ಕಕ್ಕಿಡದೆ ತೂರಿಬರುವ ನ್ಯೂಟ್ರಿನೊ ಎಂಬ ಕಣ ಮಾತ್ರ ಅಷ್ಟು ಆಳಕ್ಕೆ ಸಲೀಸಾಗಿ ಬರಬಲ್ಲದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು 1965ರಲ್ಲಿ, ಸಿಕ್ಕ ಎರಡು ಜಾಗಗಳಲ್ಲಿ ಒಂದು ಇದೇ ಕೆಜಿಎಫ್. ಇನ್ನೊಂದು ದಕ್ಷಿಣ ಆಫ್ರಿಕಾದ ಗಣಿ. ಈ ಸಾಲು ಓದುವಷ್ಟರಲ್ಲಿ ಕೋಟಿ ಕೋಟಿ ನ್ಯೂಟ್ರಿನೊಗಳು ನಿಮ್ಮ ಅಂಗೈ ತೂರಿ ಹೋಗಿರುತ್ತವೆ, ನಿಮಗೆ ಗೊತ್ತಾಗುವುದಿಲ್ಲ. ಮುಟ್ಟಲು ಬಾರದು, ಆದರೂ ಪೂರಾ ಭೌತಿಕ.

ಕೆಜಿಎಫ್‌ನಲ್ಲೇ ‘ಫಿಸಿಕಲ್ ಚೇಂಜ್’ಗೂ ಉದಾಹರಣೆ ಇದೆ. ಅದಿರಿನ ಬಂಡೆಯನ್ನು ಕುಟ್ಟಿ ಪುಡಿ ಮಾಡುವುದು ಭೌತ ಬದಲಾವಣೆ, ಕಲ್ಲು ಪುಡಿಯಾದರೂ ಅದೇ ಕಲ್ಲು. ಆ ಪುಡಿಗೆ ಸೈನೈಡ್ ದ್ರಾವಣ ಹಾಕಿ ಚಿನ್ನ ಕರಗಿಸುವುದು ರಾಸಾಯನಿಕ, ಅಲ್ಲಿ ಹೊಸ ಸಂಯುಕ್ತ ಹುಟ್ಟುತ್ತದೆ. ಚಿನ್ನ ತೆಗೆದು ಬಿಸಾಡಿದ ಪುಡಿ ಊರ ಪಕ್ಕ ಇವತ್ತಿಗೂ ಗುಡ್ಡಗುಡ್ಡವಾಗಿ ಬಿದ್ದಿದೆ. ಅದನ್ನು ಜನ ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ.

ಶಾಲೆಯ ಚಾರ್ಟಿನ ‘ಫಿಸಿಕಲ್ ಮ್ಯಾಪ್’ಗೆ ನಾನು ‘ಪ್ರಾಕೃತಿಕ ನಕ್ಷೆ’ ಎಂದು ಹಾಕಿದೆ. ಇದರ ಎದುರಾಳಿ ರಾಜಕೀಯ ನಕ್ಷೆ. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ರಾಜಕೀಯ ನಕ್ಷೆಯಲ್ಲಿ ಹೊಸ ಗೆರೆ, ಹೊಸ ಬಣ್ಣ ಬಂತು. ಪ್ರಾಕೃತಿಕ ನಕ್ಷೆಯಲ್ಲಿ ಏನೂ ಆಗಲಿಲ್ಲ. 1478 ಮೀಟರ್ ಎತ್ತರದ ನಂದಿ ಬೆಟ್ಟ ಇದ್ದ ಕಂದು ಬಣ್ಣದಲ್ಲೇ ಇದ್ದ ಜಾಗದಲ್ಲೇ ಉಳಿಯಿತು. ಹೆಡ್‌ಮಾಸ್ಟರು ‘ಭೌತಿಕ ನಕ್ಷೆ ಅಂತ ಹಾಕ್ರೀ, ಹಂಗೇ ಕೇಳಿದ್ದು’ ಅಂದರು. ಈ ಉದಾಹರಣೆ ಹೇಳಿದ ಮೇಲೆ ಒಪ್ಪಿದರು.

ಬ್ಯಾಂಕಿನ ನೋಟಿಸು ಸ್ವಲ್ಪ ಕಷ್ಟದ್ದು. ಸಾಲ ಕಟ್ಟದಿದ್ದಾಗ ಬ್ಯಾಂಕಿನವರು ಮೊದಲು ಗೋಡೆಗೆ ನೋಟಿಸು ಅಂಟಿಸಿ ಸಾಂಕೇತಿಕವಾಗಿ ಸ್ವಾಧೀನ ತೆಗೆದುಕೊಳ್ಳುತ್ತಾರೆ, ಮನೆಯವರು ಒಳಗೇ ಇರುತ್ತಾರೆ. ಆಮೇಲೆ ಬೀಗ ಹಾಕಿ ತೆಗೆದುಕೊಳ್ಳುವುದು ‘ಫಿಸಿಕಲ್ ಪೊಸೆಷನ್’. ಎದುರಾಳಿ ಸಾಂಕೇತಿಕ, ಹಾಗಾಗಿ ಇದು ‘ವಾಸ್ತವ ಸ್ವಾಧೀನ’. ನಮ್ಮ ಕ್ರಯಪತ್ರಗಳಲ್ಲಿ ಇದಕ್ಕಿಂತ ಸೊಗಸಾದ ಪದ ಇದೆ, ‘ಸ್ವಾಧೀನಾನುಭವ’. ಹೆಸರಿಗೆ ಮಾತ್ರವಲ್ಲ, ಉತ್ತು ಬಿತ್ತು ಅನುಭವಿಸುತ್ತಾ ಇರುವುದು. ಆ ‘ಅನುಭವ’ದೊಳಗೂ ಅದೇ ಭೂ ಧಾತು ಕೂತಿದೆ ನೋಡಿ.

ಇನ್ನು ತಾತನ ಫಿಸಿಕಲ್. ಕಾಗದ ಎಂಬುದು ಬರೀ ಕಾಗದವಾಗಿದ್ದಾಗ ಅದಕ್ಕೆ ಫಿಸಿಕಲ್ ಎಂಬ ವಿಶೇಷಣ ಬೇಕಿರಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಕೋಳಿ ಅಂದರೆ ಕೋಳಿ. ಫಾರಂ ಕೋಳಿ ಬಂದ ಮೇಲೆ ಹಿತ್ತಲಲ್ಲಿ ಕೆದಕಿಕೊಂಡಿದ್ದ ಕೋಳಿಗೆ ‘ನಾಟಿ ಕೋಳಿ’ ಎಂಬ ಹೆಸರು ಬಂತು. ಕೋಳಿ ಬದಲಾಗಲಿಲ್ಲ, ಪಕ್ಕಕ್ಕೆ ಇನ್ನೊಂದು ಬಂದು ನಿಂತಿತು ಅಷ್ಟೆ. ಸೀಮೆ ಹಸು ಬಂದ ಮೇಲೆ ನಾಟಿ ಹಸು, ಹೈಬ್ರಿಡ್ ಬಂದ ಮೇಲೆ ನಾಟಿ ಟೊಮೆಟೊ. ‘ಫಿಸಿಕಲ್ ಕಾಪಿ’ ಅಂದರೆ ನಾಟಿ ಕಾಗದ. ‘ಫಿಸಿಕಲ್ ಕ್ಲಾಸ್’ ನಾಟಿ ಕ್ಲಾಸು, ಕೊರೊನಾ ಬರುವ ತನಕ ಅದಕ್ಕೆ ಕ್ಲಾಸು ಎಂದಷ್ಟೇ ಹೆಸರಿತ್ತು. ಷೇರುಗಳ ಕಥೆಯೂ ಇದೇ. ಮೊದಲು ಷೇರು ಅಂದರೆ ಕಾಗದದ ಸರ್ಟಿಫಿಕೇಟು. ಷೇರನ್ನು ಕಂಪ್ಯೂಟರ್ ಖಾತೆಯಲ್ಲಿಡುವ ಡಿಮ್ಯಾಟ್ ಬಂದ ಮೇಲೆ ಅವು ‘ಫಿಸಿಕಲ್ ಷೇರು’ಗಳಾದವು. 2019ರ ಏಪ್ರಿಲ್ 1ರಿಂದ ಅವನ್ನು ಹಾಗೆಯೇ ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವಂತಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು ಎಂದು ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಸಂಸ್ಥೆ ನಿಯಮ ತಂದಿತು. ಅಪ್ಪನ ಟ್ರಂಕಿನಲ್ಲಿ ಹಳೇ ಸರ್ಟಿಫಿಕೇಟು ಸಿಕ್ಕಿ ನನ್ನ ಅಂಗಡಿಗೆ ಜೆರಾಕ್ಸಿಗೆ ತರುವವರು ಈಗಲೂ ಇದ್ದಾರೆ. ಚಿನ್ನಕ್ಕೂ ಈ ಗತಿ ಬಂತು. ಫೋನಿನಲ್ಲಿ ಡಿಜಿಟಲ್ ಚಿನ್ನ ಕೊಳ್ಳುವವರು ಒಡವೆಗೆ ‘ಫಿಸಿಕಲ್ ಗೋಲ್ಡ್’ ಅನ್ನುತ್ತಾರೆ. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಬಂಡೆ ಒಡೆದ ಕೋಲಾರದ ಗಣಿ ಕೆಲಸಗಾರನಿಗೆ ಫಿಸಿಕಲ್ ಅಲ್ಲದ ಚಿನ್ನವೂ ಒಂದಿದೆ ಎಂದರೆ ಏನನ್ನುತ್ತಿದ್ದನೋ.

ಈ ನಾಟಿ ಅರ್ಥಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕುವುದು ವ್ಯರ್ಥ, ಬೇಕಾಗಿಯೂ ಇಲ್ಲ. ಕಾಪಿ ಆದರೆ ಕಾಗದದ ಪ್ರತಿ, ಮುದ್ರಿತ ಪ್ರತಿ. ಹಾಜರಿ ಆದರೆ ಖುದ್ದು. ವೆರಿಫಿಕೇಷನ್ ಆದರೆ ಸ್ಥಳ ಪರಿಶೀಲನೆ, ಇಲ್ಲವೇ ಕಣ್ಣಾರೆ ನೋಡಿ ಬರುವುದು. ಕೊಡುವುದಾದರೆ ಕೈಯಾರೆ. ನಮ್ಮ ಭಾಷೆ ‘ಫಿಸಿಕಲ್’ ಎಂಬ ಒಂದು ಮುದ್ದೆಯನ್ನು ಕಣ್ಣು, ಕೈ, ಕಾಲು ಎಂದು ತುತ್ತು ಮಾಡಿಕೊಂಡು ನುಂಗುತ್ತದೆ.

ಮೈಯ ಅರ್ಥಕ್ಕೆ ಬಂದರೆ ‘ದೈಹಿಕ’ ಚೆನ್ನಾಗಿಯೇ ಕೂರುತ್ತದೆ. ದೈಹಿಕ ಶಿಕ್ಷಣ, ದೈಹಿಕ ಹಿಂಸೆ, ದೈಹಿಕ ಪರೀಕ್ಷೆ. ಪೋಸ್ಟರಿಗೆ ‘ದೈಹಿಕ ದೌರ್ಜನ್ಯ’ ಎಂದೇ ಹಾಕಿದೆ, ವಿಜ್ಞಾನದ ಪ್ರಶ್ನೆಗೆ ಹಾಕಿದ ‘ಭೌತ’ ಇಲ್ಲಿ ಹಾಕಿದ್ದರೆ ಅನರ್ಥ. ದೇಹ ಎಂಬ ಪದದ ಬೇರು ಮೆತ್ತು, ಬಳಿ ಎಂಬ ಅರ್ಥದ ಸಂಸ್ಕೃತ ಧಾತು. ಹಿಟ್ಟಿನ ಕಣಕಕ್ಕೆ ಇಂಗ್ಲಿಷಿನವರು ಅನ್ನುವ ‘ಡೋ’ ಕೂಡ ಅದರದೇ ಬಳಗ. ಮೆತ್ತಿ ನಾದಿ ಮಾಡಿದ ಮಣ್ಣಿನ ಮುದ್ದೆ ಅಂತ ಇಟ್ಟುಕೊಳ್ಳಿ. ನಮ್ಮದೇ ಪದ ‘ಮೈ’, ಹಳಗನ್ನಡದ ‘ಮೆಯ್’. ತಮಿಳಿನಲ್ಲಿ ‘ಮೆಯ್’ ಅಂದರೆ ದೇಹವೂ ಹೌದು, ಸತ್ಯವೂ ಹೌದು. ‘ಫಿಸೀಕ್’ ಎಂದು ಜಿಮ್ ಹುಡುಗರು ಹೇಳುವುದಕ್ಕೆ ‘ಮೈಕಟ್ಟು’ ಎಂಬ ಬಂಗಾರದ ಪದ ಇದೆ, ಬಳಸುವವರಿಲ್ಲ. ಜಗಳದಲ್ಲಿ ‘ಫಿಸಿಕಲ್ ಆದರು’ ಅಂದರೆ ಕೈಕೈ ಮಿಲಾಯಿಸಿದರು. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ‘ಮೈಯನ್ನೇ ದಾನ ಮಾಡೋ ಜಾಗ ಕಣ್ರೋ, ಅದಕ್ಕೇ ಮೈದಾನ’ ಎಂದು ಬಿಸಿಲಲ್ಲಿ ಓಡಿಸುತ್ತಿದ್ದರು. ಮೈದಾನ ಪರ್ಷಿಯನ್ ಪದ ಎಂದು ತಿಳಿದ ದಿನ ನನಗೆ ಬೇಜಾರಾಯಿತು.

‘ಫಿಸಿಕಲಿ ಹ್ಯಾಂಡಿಕ್ಯಾಪ್ಡ್’ ಎಂಬ ಬಳಕೆ ಕಾನೂನಿನ ಭಾಷೆಯಿಂದ ಹೋಗಿ ಬಹಳ ದಿನವಾಯಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ಅವುಗಳಲ್ಲಿ ಎಷ್ಟೋ ಕಣ್ಣಿಗೆ ಕಾಣುವಂಥವಲ್ಲ. ಜನ ಮಾತ್ರ ಇನ್ನೂ ‘ಪಿಎಚ್ ಸರ್ಟಿಫಿಕೇಟ್’ ಅನ್ನುತ್ತಾರೆ. ಕನ್ನಡದಲ್ಲಿ ಅಂಗವಿಕಲ ಬೇಡವೆಂದು ಸರ್ಕಾರ ‘ವಿಕಲಚೇತನ’ ತಂದಿತು. ನನಗೆ ಇದು ಮೊದಲಿನದಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ. ಕಾಲಿನಲ್ಲಿದ್ದ ಊನವನ್ನು ಎತ್ತಿ ಚೇತನಕ್ಕೆ ಅಂಟಿಸಿದ ಹಾಗಾಯಿತು.

ಫಿಸಿಕಲ್‌ಗೆ ‘ಇಟಿ’ ಸೇರಿದ ‘ಫಿಸಿಕ್ಯಾಲಿಟಿ’ ಈಚೆಗೆ ಕ್ರೀಡಾ ವೀಕ್ಷಕ ವಿವರಣೆಯಲ್ಲಿ, ನಾಟಕದ ವಿಮರ್ಶೆಯಲ್ಲಿ ಬಹಳ ಕೇಳುತ್ತದೆ. ಕಬಡ್ಡಿಯಲ್ಲಾದರೆ ಮೈಬಲ, ಮೈಮೇಲೆ ಬಿದ್ದು ಆಡುವ ಆಟ. ನಟನ ಫಿಸಿಕ್ಯಾಲಿಟಿ ಅಂದರೆ ಬಲವಲ್ಲ. ಮಾತಾಡದೆ ಬರೀ ಮೈಯಿಂದ ಆತ ಏನು ಹೇಳುತ್ತಾನೆ ಅನ್ನುವುದು. ‘ದೈಹಿಕತೆ’ ಎಂದು ಬರೆದಿದ್ದನ್ನು ನೋಡಿದ್ದೇನೆ, ಓದಿದರೆ ಡಾಕ್ಟರ ಚೀಟಿಯ ವಾಸನೆ. ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕು ಮಾಡಿ ಎಂದೋ ಹೆಸರಿಟ್ಟಿದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಇಲ್ಲಿ ಬೇಕಾದ್ದು ಆ ಮೊದಲನೆಯದು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆಯಲ್ಲಿ ಕೂತು ಆಂಗಿಕ ಎಂಬ ಪದ ಬಿಟ್ಟು ಫಿಸಿಕ್ಯಾಲಿಟಿ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.

ವಾರದ ಕೊನೆಗೆ ಟ್ಯೂಷನ್ ಸೆಂಟರಿನ ಹುಡುಗ ಕರಪತ್ರದ ಪ್ರೂಫ್ ನೋಡಲು ಬಂದ. ‘ಮಕ್ಕಳು ಭೌತಿಕವಾಗಿ ತರಗತಿಗೆ ಹಾಜರಾಗತಕ್ಕದ್ದು’ ಎಂದು ಅವನು ಬರೆದುಕೊಂಡು ಬಂದಿದ್ದನ್ನು ನಾನು ‘ಮಕ್ಕಳು ಖುದ್ದಾಗಿ ತರಗತಿಗೆ ಬರಬೇಕು’ ಎಂದು ತಿದ್ದಿದ್ದೆ. ಎರಡು ಸಲ ಓದಿದ. ‘ಸಾರ್, ಅರ್ಥ ಏನೋ ಆಗುತ್ತೆ. ಆದ್ರೆ ತೂಕ ಬರ್ತಿಲ್ಲ’ ಅಂದ. ಯಾವ ತೂಕ ಎಂದು ಕೇಳಿದೆ. ‘ಅದೇ ಸಾರ್, ಸ್ವಲ್ಪ ಅರ್ಥ ಆಗ್ದಂಗಿದ್ರೆ ಫೀಸ್ ಕೇಳೋಕೆ ಧೈರ್ಯ ಬರುತ್ತೆ.’ ಮರುಮಾತಾಡದೆ ‘ಭೌತಿಕವಾಗಿ’ ವಾಪಸ್ ಹಾಕಿ ಸಾವಿರ ಪ್ರತಿ ಹೊಡೆದುಕೊಟ್ಟೆ.